ಕೀಲಿನ ಉರಿಯೂತ, ರಕ್ತದ ಸಕ್ಕರೆ: ರುಮಟಾಯ್ಡ್ ಸಂಧಿವಾತ ಮತ್ತು ಇನ್ಸುಲಿನ್ ಪ್ರತಿರೋಧ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಗಡಿನಾಡಿನಲ್ಲಿರುವ ನಮಗೆ ಇದು ಸಣ್ಣ ಮಾತಲ್ಲ. ಮನೆಮಾತಿನಲ್ಲಿ ವಯಸ್ಸಾದವರ ಮಂಡಿ ಸವೆತವೂ ಸಂಧಿವಾತ, ಬೆರಳ ಗೆಣ್ಣು ಊದಿಕೊಳ್ಳುವುದೂ ಸಂಧಿವಾತ. ಕಾಸರಗೋಡಿನಲ್ಲಿ ಮಲಯಾಳದ 'ಆಮವಾತಂ' ಕಿವಿಗೆ ಬೀಳುತ್ತದೆ, ಹೊಸೂರು, ತಾಳವಾಡಿ ಕಡೆ ತಮಿಳಿನ 'ಮುಡಕ್ಕುವಾದಂ'. ವೈದ್ಯರು ಈ ಎರಡು ಹೆಸರು ಹೇಳುವಾಗ ಸಾಮಾನ್ಯವಾಗಿ ಅವರ ಮನಸ್ಸಿನಲ್ಲಿರುವುದು ಸವೆತವಲ್ಲ, ರುಮಟಾಯ್ಡ್ ಸಂಧಿವಾತ. ರೋಗಿ ಮನೆಗೆ ಬಂದು "ಸಂಧಿವಾತವಂತೆ" ಅಂದಾಗ ಆ ವ್ಯತ್ಯಾಸ ಅಳಿಸಿಹೋಗಿರುತ್ತದೆ. ಇವತ್ತಿನ ಚರ್ಚೆಯೆಲ್ಲ ಆ ವ್ಯತ್ಯಾಸದ ಮೇಲೇ ನಿಂತಿದೆ.

ರುಮಟಾಯ್ಡ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಕೀಲಿನ ಒಳಪೊರೆಯ ಮೇಲೇ ತಿರುಗಿ ಬೀಳುತ್ತದೆ. ಆಗ ಹುಟ್ಟುವ ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್‌ಗಳು ಕೀಲಿನೊಳಗೇ ಇರೋದಿಲ್ಲ ನೋಡಿ. ರಕ್ತದ ಜೊತೆ ಹರಿದು ಲಿವರ್, ಮಾಂಸಖಂಡ, ಕೊಬ್ಬಿನ ಅಂಗಾಂಶಗಳನ್ನು ಮುಟ್ಟುತ್ತವೆ.

ಅಲ್ಲಿ ಏನಾಗುತ್ತದೆ? ಇನ್ಸುಲಿನ್ ಜೀವಕೋಶದ ಹೊರಗಿನ ಗ್ರಾಹಕಕ್ಕೆ ಅಂಟಿಕೊಂಡಾಗ ಒಳಗಿರುವ ಐಆರ್‌ಎಸ್-1 ಎಂಬ ಪ್ರೋಟೀನ್ ಆ ಸಂದೇಶವನ್ನು ಮುಂದಕ್ಕೆ ದಾಟಿಸಬೇಕು. ಅದಕ್ಕಾಗಿ ಆ ಪ್ರೋಟೀನಿನ ಟೈರೊಸಿನ್ ಜಾಗಗಳಿಗೆ ಫಾಸ್ಫೇಟ್ ಸೇರಬೇಕು. ಟಿಎನ್‌ಎಫ್ ಇದ್ದಾಗ ಸೆರಿನ್ ಜಾಗಗಳಿಗೆ ಫಾಸ್ಫೇಟ್ ಸೇರಿ ಸಂದೇಶ ಅರ್ಧದಲ್ಲೇ ನಿಲ್ಲುತ್ತದೆ. ಇನ್ಸುಲಿನ್ ಇದೆ, ಆದರೆ ಕೇಳುವವರಿಲ್ಲ. ಲಿವರ್‌ನಲ್ಲಿ ಇಂಟರ್‌ಲ್ಯೂಕಿನ್-6, ಸಾಕ್ಸ್-3 ಎಂಬ ಇನ್ನೊಂದು ಪ್ರೋಟೀನನ್ನು ಹೆಚ್ಚಿಸಿ ಸುಮಾರಾಗಿ ಇದೇ ಕೆಲಸ ಮಾಡುತ್ತದೆ. ಟಿಎನ್‌ಎಫ್‌ಗೂ ಇನ್ಸುಲಿನ್ ಪ್ರತಿರೋಧಕ್ಕೂ ಇರುವ ನಂಟನ್ನು ಹೋಟಮಿಸ್ಲಿಗಿಲ್, ಸ್ಪೀಗೆಲ್‌ಮನ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದ್ದು ಬೊಜ್ಜಿನ ಇಲಿಗಳಲ್ಲಿ. ರುಮಟಾಯ್ಡ್ ರೋಗಿಗೆ ಬೊಜ್ಜು ಇರಲೇಬೇಕು ಅಂತಿಲ್ಲ. ಕೊಬ್ಬಿನಿಂದ ಬರುವ ಸಂಕೇತ ಇಲ್ಲಿ ಕೀಲಿನಿಂದಲೇ ಬರುತ್ತದೆ.

ಈಗ ನಾನು ಮುಖ್ಯ ಅಂತ ತಿಳಿದಿರುವ ಮಾತು. ಊಟದ ನಂತರ ಇನ್ಸುಲಿನ್ ಹೇಳಿದಂತೆ ಸಕ್ಕರೆಯ ಬಹುಪಾಲನ್ನು ಎಳೆದುಕೊಳ್ಳುವುದು ಮಾಂಸಖಂಡ. ರುಮಟಾಯ್ಡ್ ಅದನ್ನೇ ಕರಗಿಸುತ್ತದೆ. ಕೀಲಿನ ಸುತ್ತಲ ಮಾಂಸ ಬತ್ತುವುದನ್ನು ಜೇಮ್ಸ್ ಪ್ಯಾಜೆಟ್ 1873ರಲ್ಲೇ ಬರೆದಿದ್ದರು. ರೂಬೆನಾಫ್ ಮತ್ತು ಸಂಗಡಿಗರು 1994ರಲ್ಲಿ ಅಳೆದು ನೋಡಿದಾಗ, ರೋಗಿಗಳ ಜೀವಕೋಶದ್ರವ್ಯ ಆರೋಗ್ಯವಂತರಿಗಿಂತ ಸುಮಾರು 13% ಕಡಿಮೆ, ವಿಶ್ರಾಂತಿಯಲ್ಲಿ ಖರ್ಚಾಗುವ ಶಕ್ತಿ ಮಾತ್ರ ಸುಮಾರು 12% ಹೆಚ್ಚು. ಸುಮ್ಮನೆ ಕೂತರೂ ದೇಹ ಉರಿಯುತ್ತಲೇ ಇರುತ್ತದೆ ಅಂದ ಹಾಗಾಯ್ತು. ನೋವಿಗೆ ಓಡಾಟ ಕಡಿಮೆಯಾಗಿ, ಮಾಂಸ ಹೋದ ಜಾಗಕ್ಕೆ ಕೊಬ್ಬು ಬರುತ್ತದೆ. ತಕ್ಕಡಿಯಲ್ಲಿ ತೂಕ ಅಷ್ಟೇ! "ಸಣಕಲು ಇದ್ದೀರಿ, ನಿಮಗೆಲ್ಲಿ ಸಕ್ಕರೆ ಕಾಯಿಲೆ" ಅನ್ನೋ ಮಾತು ಈ ರೋಗಿಗಳ ಮಟ್ಟಿಗೆ ಅಪಾಯದ ಮಾತು. ತೂಕ ನೋಡಬೇಡಿ ಅಂತಲ್ಲ. ಸೊಂಟದ ಸುತ್ತಳತೆ, ಕೈ ಹಿಡಿತದ ಬಲ ಇವನ್ನೂ ನೋಡಬೇಕು.

ಮೋಸ ಮಾಡುವ ಇನ್ನೊಂದು ಅಳತೆ, ಖಾಲಿ ಹೊಟ್ಟೆಯ ಸಕ್ಕರೆ. ಫಿಲಿಪ್ ಹೆಂಚ್ 1948ರಲ್ಲಿ ಮೇಯೊ ಕ್ಲಿನಿಕ್‌ನಲ್ಲಿ ಕಾರ್ಟಿಸೋನ್ ಕೊಟ್ಟಾಗ ಹಾಸಿಗೆ ಹಿಡಿದವರು ಎದ್ದು ನಡೆದರು. 1950ರಲ್ಲಿ ನೊಬೆಲ್ ಬಂತು. ಆದರೆ ಸ್ಟೀರಾಯ್ಡ್ ಲಿವರ್‌ಗೆ ಸಕ್ಕರೆ ಉತ್ಪಾದಿಸಲು ಹೇಳುತ್ತದೆ, ಮಾಂಸಖಂಡ ಅದನ್ನು ಬಳಸದಂತೆ ತಡೆಯುತ್ತದೆ. ಬೆಳಗ್ಗೆ ಪ್ರೆಡ್ನಿಸೋಲೋನ್ ತಗೊಂಡವರಿಗೆ ಸಕ್ಕರೆ ಏರುವುದು ಮಧ್ಯಾಹ್ನದಿಂದ ಸಂಜೆವರೆಗೆ. ರಾತ್ರಿ ಕಳೆದು ಮುಂಜಾನೆ ಅದು ಇಳಿದಿರುತ್ತದೆ. ಲ್ಯಾಬಿನವರು ರಕ್ತ ತೆಗೆಯುವುದೇ ಆ ಹೊತ್ತಿನಲ್ಲಿ, ವರದಿ "ನಾರ್ಮಲ್". ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ಇನ್ನೊಮ್ಮೆ ನೋಡದಿದ್ದರೆ ಕಾಯಿಲೆ ಗೊತ್ತೇ ಆಗದೆ ಹೋಗಬಹುದು. ಎಚ್‌ಬಿಎ1ಸಿ ಇದೆಯಲ್ಲ ಅನ್ನಬಹುದು. ಆದರೆ ಈ ರೋಗಿಗಳಲ್ಲಿ ರಕ್ತಹೀನತೆ ಸಾಮಾನ್ಯ, ಕಬ್ಬಿಣದ ಕೊರತೆಯಿದ್ದರೆ ಆ ಅಂಕಿ ಸುಳ್ಳೇ ಏರಬಹುದು. ಒಂದೇ ಅಂಕಿ ನಂಬಿ ಕೂರುವಂತಿಲ್ಲ.

ಕೊಲೆಸ್ಟರಾಲ್ ಕಥೆಯೂ ಹೀಗೇ ತಲೆಕೆಳಗು: ಉರಿಯೂತ ಜೋರಾಗಿದ್ದಾಗ ಎಲ್‌ಡಿಎಲ್ ಇಳಿಯುತ್ತದೆ, ಹೃದಯದ ಅಪಾಯ ಇಳಿಯುವುದಿಲ್ಲ. ಸಾಮಾನ್ಯ ಲೆಕ್ಕದಲ್ಲಿ ಬಂದ ಅಪಾಯವನ್ನು 1.5ರಿಂದ ಗುಣಿಸಿ ಅಂತ ಯುರೋಪಿನ ಯೂಲಾರ್ ಸಲಹೆ ಹೇಳುವುದು ಇದಕ್ಕೇ.

ಹಾಗಾದರೆ ಉರಿಯೂತ ಇಳಿಸಿದರೆ ಸಕ್ಕರೆ ಸುಧಾರಿಸುತ್ತದಾ? ರುಮಟಾಯ್ಡ್‌ನಲ್ಲಿ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟಾಗ ಇನ್ಸುಲಿನ್ ಸಂವೇದನೆ ಸುಧಾರಿಸಿದ್ದು ವರದಿಯಾಗಿದೆ. ಇದರಿಂದ ಉರಿಯೂತದ ಔಷಧಿ ಎಲ್ಲರ ಸಕ್ಕರೆ ಕಾಯಿಲೆಗೂ ಮದ್ದು ಅಂತ ಹಾರಬೇಡಿ. ಸಕ್ಕರೆ ಕಾಯಿಲೆ ಅಥವಾ ಮೆಟಬಾಲಿಕ್ ಸಿಂಡ್ರೋಮ್ ಜೊತೆ ಹೃದಯದ ಕಾಯಿಲೆಯೂ ಇದ್ದವರಿಗೆ ಕಡಿಮೆ ಪ್ರಮಾಣದ ಮೆಥೊಟ್ರೆಕ್ಸೇಟ್ ಕೊಟ್ಟ ದೊಡ್ಡ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು, ಹೃದಯಾಘಾತಗಳು ಕಡಿಮೆಯಾಗಲಿಲ್ಲ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: "ಹೈಡ್ರಾಕ್ಸಿಕ್ಲೋರೊಕ್ವಿನ್ ಕೀಲಿಗೂ ಕೊಡ್ತಾರೆ, ಸಕ್ಕರೆಗೂ ಕೊಡ್ತಾರೆ. ಒಂದೇ ಮಾತ್ರೆ ಸಾಕಲ್ವಾ?" ಇದನ್ನು ತೆಗೆದುಕೊಂಡ ರುಮಟಾಯ್ಡ್ ರೋಗಿಗಳಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು ಕಡಿಮೆ ಅಂತ 2007ರ ಅಧ್ಯಯನ ಹೇಳಿತ್ತು, ನಿಜ. ಇನ್ಸುಲಿನ್ ಒಡೆದುಹೋಗುವುದನ್ನು ಇದು ನಿಧಾನಿಸುತ್ತದೆ. ಆದ್ದರಿಂದಲೇ ಈಗಾಗಲೇ ಇನ್ಸುಲಿನ್ ತಗೊಳ್ಳುವವರಲ್ಲಿ ಸಕ್ಕರೆ ತೀರಾ ಇಳಿಯಬಹುದು. ಮತ್ತೆ, ಎಷ್ಟೋ ರೋಗಿಗಳಲ್ಲಿ ಕೀಲನ್ನು ಉಳಿಸಲು ಇದೊಂದೇ ಸಾಲದು, ಮೆಥೊಟ್ರೆಕ್ಸೇಟ್ ಬೇಕಾಗುತ್ತದೆ. ಪ್ರಮಾಣ ದಿನಕ್ಕೆ ಕಿಲೋ ತೂಕಕ್ಕೆ 5 ಮಿಲಿಗ್ರಾಂ ದಾಟಬಾರದು, ವರ್ಷಗಟ್ಟಲೆ ತಗೊಳ್ಳುವವರು ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು.