ಭರಣಿ ಮಳೆಯ ನಡುವೆ ನೆರಳಿಲ್ಲದ ಮಧ್ಯಾಹ್ನ

ಏಪ್ರಿಲ್ 29ರ ಆಸುಪಾಸಿನಲ್ಲಿ, ಮಧ್ಯಾಹ್ನ 12.20ರ ಸುಮಾರಿಗೆ ಜಗಳೂರಿನ ಯಾವುದಾದರೂ ಅಂಗಳದಲ್ಲಿ ಕಬ್ಬಿಣದ ಸರಳೊಂದನ್ನು ನೆಟ್ಟಗೆ ನಿಲ್ಲಿಸಿ. ಗಾರೆಯವರ ತೂಗುಗುಂಡು ಹಿಡಿದು ಓರೆಯಿಲ್ಲವೆಂದು ಖಾತ್ರಿ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಪಡುವಣಕ್ಕೆ ಚಾಚಿದ್ದ ನೆರಳು ಮೊಟಕಾಗುತ್ತ ಬಂದು, ಸರಳಿನ ಬುಡದಲ್ಲಿ ಅಡಗಿ, ಸ್ವಲ್ಪ ಹೊತ್ತಿನಲ್ಲೇ ಮೂಡಣ ಮಗ್ಗುಲಿಗೆ ಇಣುಕುತ್ತದೆ. ಸೂರ್ಯ ನೆತ್ತಿಗೆ ಬರುವಾಗ ಗಡಿಯಾರ 12 ದಾಟಿರುತ್ತದೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಅದಕ್ಕಿಂತ ಪಶ್ಚಿಮದ ಜಗಳೂರು ಸೂರ್ಯನಿಗೆ ಎದುರಾಗಲು ಭೂಮಿ ಇನ್ನೂ 20 ನಿಮಿಷಕ್ಕೂ ಹೆಚ್ಚು ತಿರುಗಬೇಕು.

ಇಂಥ ಇನ್ನೊಂದು ದಿನ ಆಗಸ್ಟ್ 13ರ ಸುಮಾರಿಗೆ. ಇವೆರಡರ ನಡುವಿನ ಮೂರೂವರೆ ತಿಂಗಳು ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ಕಾಲದಲ್ಲಿ ಉತ್ತರಕ್ಕೆ. ದೆಹಲಿಯಲ್ಲಿ ಅದು ಎಂದೂ ಮಾಯವಾಗದು.

ಇದಕ್ಕೆಲ್ಲ ಕಾರಣ ಭೂಮಿಯ ವಾಲು. 23.4 ಡಿಗ್ರಿ ವಾಲಿದ ಅಕ್ಷವನ್ನು ಒಂದೇ ದಿಕ್ಕಿಗೆ ಇಟ್ಟುಕೊಂಡು ಅದು ಸೂರ್ಯನನ್ನು ಸುತ್ತುತ್ತದೆ. ಜೂನ್ 21ರ ಹೊತ್ತಿಗೆ ಜಗಳೂರಿನ ಹಗಲು ಸುಮಾರು 13 ಗಂಟೆ, ಡಿಸೆಂಬರ್ 22ರ ಹೊತ್ತಿಗೆ ಹನ್ನೊಂದೂಕಾಲು. ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆಂದು ಓದಿದವರೂ ಹೇಳುವುದುಂಟು. ಭೂಮಿ ಅವನಿಗೆ ಅತಿ ಹತ್ತಿರವಾಗುವುದು ಜನವರಿ ಮೊದಲ ವಾರ, ನಾವು ರಗ್ಗು ಹೊದ್ದಿರುವಾಗ!

ಭೂಮಿಯ ಈ ನಡೆಯನ್ನು ರೈತರು ದಿನವೂ ಬಾಯಲ್ಲಿ ಆಡುತ್ತಾರೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ... ನಾವು ಸುತ್ತಿದಂತೆ ಸೂರ್ಯನ ಹಿಂದಿನ ನಕ್ಷತ್ರಗಳು ಬದಲಾಗುತ್ತವೆ; ಆ ದಾರಿಯನ್ನು 27 ಪಾಲು ಮಾಡಿದರೆ ಒಂದೊಂದು ಮಳೆಗೆ 13-14 ದಿನ. ನೆರಳು ಅಡಗುವ ಏಪ್ರಿಲ್ ದಿನ ಬರುವುದು ಭರಣಿಯಲ್ಲಿ, ಆಗಸ್ಟಿನದು ಆಶ್ಲೇಷದಲ್ಲಿ. ಎಂಥ ಅಚ್ಚುಕಟ್ಟಾದ ಲೆಕ್ಕ! ಆದರೆ ಅದೂ ನಿಂತಲ್ಲೇ ನಿಂತಿಲ್ಲ. ಭೂಮಿಯ ಅಕ್ಷ ಬುಗುರಿಯಂತೆ ತೊನೆಯುತ್ತ ಸುಮಾರು 26,000 ವರ್ಷಕ್ಕೊಂದು ಸುತ್ತು ಹಾಕುವುದರಿಂದ, ನಕ್ಷತ್ರದ ಲೆಕ್ಕ ಋತುವಿಗಿಂತ ಸುಮಾರು 72 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರಿನಲ್ಲಾದರೂ ನಾವು ಎಳ್ಳು ಬೀರುವುದು ಜನವರಿ ಮಧ್ಯದಲ್ಲಿ. ಮೇ ಕೊನೆಗೆ ಹುಟ್ಟುವ ರೋಹಿಣಿ ಮಳೆ ಇನ್ನು 500 ವರ್ಷಕ್ಕೆ ಜೂನ್‌ಗೆ ಜರುಗಿರುತ್ತದೆ.

ನೆತ್ತಿಗೇರಿದ ಸೂರ್ಯ ನೆಲ ಕಾಯಿಸಿದ್ದಕ್ಕೇ ಕಡಲ ಗಾಳಿ ಒಳನಾಡಿಗೆ ನುಗ್ಗುತ್ತದೆ. ಆದರೆ ಅದರ ನೀರಿನ ಹೆಚ್ಚಿನ ಪಾಲು ಸಹ್ಯಾದ್ರಿಯಲ್ಲೇ ಸುರಿದುಹೋಗಿ, ಮಳೆ ನೆರಳಿನ ಜಗಳೂರಿಗೆ ಬರುವಷ್ಟರಲ್ಲಿ ಮೋಡ ಬಡವಾಗಿರುತ್ತದೆ. ಆದ್ದರಿಂದ ಯಾವ ಮಳೆ ಎಂದು ಹುಟ್ಟುತ್ತದೆಂದು ತಿಳಿದಿದ್ದರೂ ಇಲ್ಲಿನ ರೈತ ಮೆಕ್ಕೆಜೋಳ ಬಿತ್ತುವ ಮುನ್ನ ನೆಲ ಕೆದಕಿ, ಮಣ್ಣು ಹಿಡಿದು ಹದ ನೋಡುತ್ತಾನೆ. ಪಂಚಾಂಗಕ್ಕಿಂತ ಆ ಹಿಡಿಮಣ್ಣನ್ನು ನಂಬುವುದೇ ಸರಿ.