ನಿಮಗಿದು ಗೊತ್ತೆ? ತಾಯಿಗೆ ಚುಚ್ಚಿದ ಸೂಜಿ, ಕೂಸಿಗೂ ಕಾವಲು

● ಧನುರ್ವಾಯು ಎಂಬ ಹೆಸರಿನಲ್ಲೇ ಆ ರೋಗದ ಚಿತ್ರವಿದೆ. ಸ್ನಾಯುಗಳು ಬಿಗಿದು ಮೈ ಬಿಲ್ಲಿನಂತೆ ಬಾಗುತ್ತದೆ. ಮೊದಲೆರಡು ದಿನ ಚೆನ್ನಾಗಿ ಹಾಲು ಕುಡಿದ ಹಸುಗೂಸು ಆಮೇಲೆ ದವಡೆ ಬಿಗಿದು ಮೊಲೆ ಚೀಪಲಾಗದೆ ನರಳುತ್ತದೆ.

● ತುಕ್ಕು ಹಿಡಿದ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದರೆ, ಗಾಯಕ್ಕೆ ಸಗಣಿ ಅಥವಾ ಬೂದಿ ಮೆತ್ತಿದರೆ ರೋಗಾಣು ಒಳಹೊಗುತ್ತದೆ. 1988ರಲ್ಲಿ ಜಗತ್ತಿನಾದ್ಯಂತ ಸುಮಾರು 7,87,000 ನವಜಾತ ಶಿಶುಗಳು ಹೀಗೆ ಸತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತ್ತು.

● ಗರ್ಭಿಣಿಗೆ ಲಸಿಕೆ ಹಾಕಿದಾಗ ಆಕೆಯ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ಮಾಸು ದಾಟಿ ಮಗುವನ್ನು ಸೇರುತ್ತವೆ. ತಾಯಿ ಮಗು ಇಬ್ಬರಿಗೂ ರಕ್ಷಣೆ.

● ಲಸಿಕೆ ಮತ್ತು ಶುಚಿಯಾದ ಹೆರಿಗೆಯ ಬಲದಿಂದ 2015ರಲ್ಲಿ ಭಾರತ ತಾಯಿ ಹಾಗೂ ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿತು. ಅಂದರೆ ಪ್ರತಿ ಜಿಲ್ಲೆಯಲ್ಲೂ ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆ ಪ್ರಕರಣ. ಆದರೆ ರೋಗಾಣು ಮಣ್ಣಿನಲ್ಲೇ ಇರುವುದರಿಂದ ಲಸಿಕೆ ನಿಲ್ಲಿಸುವಂತಿಲ್ಲ.

● ಈಗ ಕೊಡುವುದು ಧನುರ್ವಾಯು, ಗಂಟಲಮಾರಿ ಎರಡನ್ನೂ ತಡೆಯುವ ‘ಟಿಡಿ’ ಲಸಿಕೆ. ಗರ್ಭ ತಿಳಿದ ಕೂಡಲೇ ಮೊದಲ ಡೋಸ್, ನಾಲ್ಕು ವಾರದ ನಂತರ ಎರಡನೆಯದು. ಹಿಂದಿನ ಬಸಿರಿನಲ್ಲಿ ಎರಡೂ ಡೋಸ್ ಪಡೆದು ಮೂರು ವರ್ಷದೊಳಗೆ ಮತ್ತೆ ಗರ್ಭಿಣಿಯಾದರೆ ಒಂದು ಬೂಸ್ಟರ್ ಸಾಕು.

● ದಡಾರ, ರುಬೆಲ್ಲಾದಂಥ ಜೀವಂತ ಲಸಿಕೆಗಳನ್ನು ಬಸಿರಿನಲ್ಲಿ ಹಾಕುವುದಿಲ್ಲ.

ಹೊಸದುರ್ಗ ತಾಲ್ಲೂಕಿನ ಬಾಗೂರಿರಲಿ, ಬೆಂಗಳೂರಿರಲಿ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಟಿಡಿ ಲಸಿಕೆ ಉಚಿತ. ಮನೆಯಲ್ಲಿ ಬಸುರಿಯಿದ್ದರೆ ಇಂದೇ ತಾಯಿ ಕಾರ್ಡ್ ತೆರೆದು ನೋಡಿ, ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.