ಮೂರು ಬಾರಿ ಕಂಡ ಫ್ರಾನ್ಸ್

ಆರ್ಥರ್ ಯಂಗ್ (1741–1820) ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಕೃಷಿಕ, ಕೃಷಿ ಬರಹಗಾರ. 1787ರಿಂದ 1790ರ ನಡುವೆ ಮೂರು ಬಾರಿ ಫ್ರಾನ್ಸಿನಲ್ಲಿ ಸಂಚರಿಸಿ ಈತ ಬರೆದ ದಿನಚರಿ 1792ರಲ್ಲಿ ಪುಸ್ತಕವಾಯಿತು. ಫ್ರೆಂಚ್ ಕ್ರಾಂತಿಯ ಹೊತ್ತಿನ ಹಳ್ಳಿಗಾಡನ್ನು ಅರಿಯಲು ಅದು ಇಂದಿಗೂ ಮುಖ್ಯ ಆಕರ. ಯಂಗ್ ಹೊರಟದ್ದು ಬೇಸಾಯ ನೋಡಲು. ಮತ್ತೆ ಮತ್ತೆ ಹೋದಂತೆ ಹೊಲದ ಸ್ಥಿತಿಗೂ ಆಳ್ವಿಕೆಯ ರೀತಿಗೂ ಇರುವ ನಂಟು ಅವನಿಗೆ ಕಾಣತೊಡಗಿತು.

1787ರ ಮೇ ತಿಂಗಳಲ್ಲಿ ಆರಂಭಿಸಿದ ಮೊದಲ ಪ್ರವಾಸದಲ್ಲಿ ಶ್ರೀಮಂತ ಮನೆತನದ ಪರಿಚಿತರೊಂದಿಗೆ ಪಿರಿನೀಸ್ ಬೆಟ್ಟಗಳವರೆಗೂ ಹೋದ. ಹೆದ್ದಾರಿಗಳು ಸೊಗಸಾಗಿದ್ದವು, ಆದರೆ ಅವುಗಳ ಮೇಲೆ ಸಂಚಾರವೇ ವಿರಳ. ಅವು ರೈತರ ಬಿಟ್ಟಿ ದುಡಿಮೆಯಿಂದ ಆದ ರಸ್ತೆಗಳು. ಬೋರ್ಡೋ ಬಂದರಿನ ವ್ಯಾಪಾರ, ನಾಟಕಶಾಲೆಗಳ ವೈಭವ ಅವನನ್ನು ಬೆರಗುಗೊಳಿಸಿದವು. ದಕ್ಷಿಣದ ಹಳ್ಳಿಗಳಲ್ಲಿ ಉಳುವವರ ಕಾಲಿಗೆ ಮರದ ಪಾದರಕ್ಷೆಯೂ ಇರಲಿಲ್ಲ. ಜನರು ಸ್ವಂತ ನೆಲ ಹೊಂದಿದ್ದ ಕಡೆ ಬಂಡೆಯ ನಡುವೆಯೂ ತೋಟ ಎದ್ದಿತ್ತು. ಆ ವರ್ಷ ಅಕ್ಟೋಬರಿನಲ್ಲಿ ಪ್ಯಾರಿಸಿನ ಔತಣಕೂಟವೊಂದರಲ್ಲಿ, ಸಾಲದಲ್ಲಿ ಮುಳುಗಿದ ಸರ್ಕಾರ ದೊಡ್ಡ ಬದಲಾವಣೆಯ ಹೊಸ್ತಿಲಲ್ಲಿದೆ ಎಂಬ ಮಾತು ಕಿವಿಗೆ ಬಿತ್ತು.

1788ರಲ್ಲಿ ಒಬ್ಬನೇ ಕುದುರೆಯೇರಿ ನಾರ್ಮಂಡಿ, ಬ್ರಿಟನಿ ಪ್ರಾಂತ್ಯಗಳನ್ನು ಸುತ್ತಿದ. ಬ್ರಿಟನಿಯಲ್ಲಿ ಜನ ಮಣ್ಣಿನ ಗುಡಿಸಲುಗಳಲ್ಲಿದ್ದರು. ಹೊಲವಾಗಬೇಕಿದ್ದ ನೆಲ ಮೈಲಿಗಟ್ಟಲೆ ಬೀಳು ಬಿದ್ದಿತ್ತು. ಅಂಥ ಬೀಳು ನೆಲ ದಾಟಿ ನಾಂಟ್ ನಗರ ಸೇರಿದರೆ ಅಲ್ಲಿ ಭವ್ಯ ರಂಗಮಂದಿರ! ಈ ಅಂತರಕ್ಕೆ ಮಣ್ಣು ಕಾರಣವಲ್ಲ, ಭೂಮಾಲೀಕರೂ ಆಡಳಿತವೂ ಕಾರಣ ಎಂಬ ತೀರ್ಮಾನಕ್ಕೆ ಅವನು ಬಂದ. ನಾಂಟ್‌ನಲ್ಲಿ ಸ್ವಾತಂತ್ರ್ಯದ ಮಾತು ಆಗಲೇ ಕಾವೇರಿತ್ತು.

ಮೂರನೆಯ ಪ್ರವಾಸ 1789ರಲ್ಲಿ ಶುರುವಾಯಿತು. ಜೂನ್ 17ರಂದು ಮೂರನೇ ವರ್ಗದ, ಅಂದರೆ ಸಾಮಾನ್ಯ ಜನರ, ಪ್ರತಿನಿಧಿಗಳು ತಮ್ಮನ್ನು ರಾಷ್ಟ್ರೀಯ ಸಭೆಯೆಂದು ಘೋಷಿಸಿಕೊಂಡಾಗ ಯಂಗ್ ಪ್ಯಾರಿಸ್, ವರ್ಸೈಗಳಲ್ಲಿದ್ದ. ಜೂನ್ 27ರಂದು ಪಾದ್ರಿ, ಕುಲೀನ ವರ್ಗಗಳೂ ರಾಜನ ಆಜ್ಞೆಯಂತೆ ಆ ಸಭೆಯನ್ನು ಸೇರಿದವು. ಕ್ರಾಂತಿ ಮುಗಿಯಿತೆಂದು ಭಾವಿಸಿ ಅವನು ಪೂರ್ವದ ದಾರಿ ಹಿಡಿದ. ಪ್ಯಾರಿಸಿನಲ್ಲಿ ದಿನವೂ ಹೊಸ ಕರಪತ್ರಗಳು ಹರಿದಾಡುತ್ತಿದ್ದರೆ, ಊರೂರಿನ ಕಾಫಿ ಅಂಗಡಿಗಳಲ್ಲಿ ಒಂದು ಪತ್ರಿಕೆಯೂ ಸಿಗುತ್ತಿರಲಿಲ್ಲ. ಹಾಗಾಗಿ ವದಂತಿಯೇ ಸುದ್ದಿಯಾಗಿತ್ತು.

ಜುಲೈ 12ರಂದು ಮೆಟ್ಜ್ ಬಳಿಯ ದಾರಿಯಲ್ಲಿ ಬಡ ಹೆಂಗಸೊಬ್ಬಳು ಜೊತೆಯಾದಳು. ವಯಸ್ಸು 28, ನೋಡಿದರೆ ಅರವತ್ತು ದಾಟಿದಂತಿದ್ದಳು. ಏಳು ಮಕ್ಕಳು, ತುಂಡು ನೆಲ, ಒಂದು ಹಸು, ಒಂದು ಬಡಕಲು ಕುದುರೆ. ಅವಳು ಒಬ್ಬ ಜಮೀನ್ದಾರನಿಗೆ ಗೋಧಿ, ಮೂರು ಕೋಳಿ ಕೊಡಬೇಕಿತ್ತು. ಇನ್ನೊಬ್ಬನಿಗೆ ಓಟ್ಸ್, ಒಂದು ಕೋಳಿ, ಮೇಲೊಂದು ಕಾಸು. ಇವಲ್ಲದೆ ಸರ್ಕಾರದ ತೆರಿಗೆ. ಬಡವರಿಗಾಗಿ ದೊಡ್ಡವರು ಏನೋ ಮಾಡುತ್ತಾರಂತೆ ಎಂದಳು. ಯಾರು, ಹೇಗೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಎರಡೇ ದಿನಗಳಲ್ಲಿ ಪ್ಯಾರಿಸಿನ ಬಾಸ್ಟಿಲ್ ಕೋಟೆ ಜನರ ದಾಳಿಗೆ ಬಿತ್ತು. ಜುಲೈ 21ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಗುಂಪು ಪುರಭವನವನ್ನು ಸೂರೆಮಾಡಿದ್ದನ್ನು ಯಂಗ್ ಕಣ್ಣಾರೆ ಕಂಡ.

ಕ್ರಾಂತಿ ಮುಗಿಯಿತೆಂಬ ತನ್ನ ಊಹೆ ಸುಳ್ಳಾದ ಮೇಲೂ ಯಂಗ್ ಅದನ್ನು ಪುಸ್ತಕದಿಂದ ತೆಗೆಯಲಿಲ್ಲ. 1793ರ ಹೊತ್ತಿಗೆ ಕ್ರಾಂತಿಯ ಹಿಂಸೆ ಕಂಡು ಅದರ ಕಡು ವಿರೋಧಿಯೂ ಆದ. ಆದರೂ ಅವನ ದಿನಚರಿಯ ಬೆಲೆ ಕುಂದಿಲ್ಲ. ರಾಜಧಾನಿಯ ಮಾತಷ್ಟನ್ನೇ ಕೇಳಿದವನಿಗೆ ಜೂನ್ ತಿಂಗಳಲ್ಲೇ ಎಲ್ಲವೂ ಮುಗಿದಂತೆ ಕಂಡಿತು; ಹಳ್ಳಿಯ ದಾರಿ ತುಳಿದ ಮೇಲಷ್ಟೇ ಜನರ ಸಿಟ್ಟಿನ ಕಾರಣ ತಿಳಿಯಿತು. ಪರದೇಶದ ರಾಜಕೀಯವನ್ನು ಅರಿಯಬೇಕಾದವರು ಮತ್ತೆ ಹೋಗಬೇಕು, ಮೊದಲು ನೋಡದ ಜನರ ಬಳಿಗೇ ಹೋಗಬೇಕು.